ಇಟಲಿ ಬೈಕ್ ತಗೊಳ್ಳೋದಾ, ಬೇಡ್ವಾ? ನಾನು ತೀರ್ಮಾನಕ್ಕೆ ಬಂದದ್ದು ಹೀಗೆ

ಎರಡು ವರ್ಷ ಈ ಪ್ರಶ್ನೆ ನನ್ನ ತಲೆ ತಿಂದಿತ್ತು. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ನೋಡೋಕೆ ಚೆಂದ, ಸಾಕೋದು ಕಷ್ಟ." ಹಾಗಂದವರಲ್ಲಿ ಒಬ್ಬರೂ ಅಂಥ ಗಾಡಿ ಇಟ್ಟುಕೊಂಡವರಲ್ಲ. ವೈರಿಂಗ್ ಕೈಕೊಡುತ್ತೆ, ಮಳೆ ಬಿದ್ದರೆ ನಿಂತುಬಿಡುತ್ತೆ ಅನ್ನುವ ಕತೆಗಳೆಲ್ಲ ಮೂವತ್ತು ನಲವತ್ತು ವರ್ಷ ಹಿಂದಿನ ಗಾಡಿಗಳವು. ಈಗ ಇಂಜೆಕ್ಷನ್, ಎಬಿಎಸ್, ಸೆನ್ಸರ್ ಎಲ್ಲ ಬೇರೆ ದೇಶದ ಬೈಕುಗಳಲ್ಲಿ ಇರುವಂಥವೇ. ಹಾಗಾದರೆ ಕಷ್ಟ ಎಲ್ಲಿದೆ? ಅದನ್ನು ನಾನೇ ಹುಡುಕಬೇಕಾಯಿತು.

ಮೊದಲು ಶೋರೂಮಿಗೆ ಹೋಗಲಿಲ್ಲ. ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ನನ್ನ ಹಳೇ ಬೈಕಿನ ಒಂದು ತಿಂಗಳ ಓಡಾಟ ಬರೆದಿಟ್ಟೆ. ಸುಮಾರು 600 ಕಿ.ಮೀ. ಆಯಿತು, ಅಂದರೆ ವರ್ಷಕ್ಕೆ 7,000 ಕಿ.ಮೀ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಟ್ರಾಫಿಕ್ಕಿನಲ್ಲಿ, ಎರಡನೇ ಗೇರಿನಲ್ಲಿ. ನಾನು ಕನಸು ಕಾಣುತ್ತಿದ್ದ ತಿರುವು ದಾರಿಗಳು ತಿಂಗಳಿಗೆ ಎರಡೇ ದಿನ. ಬೇಜಾರಾಯಿತು, ಆದರೆ ಲೆಕ್ಕ ಸುಳ್ಳು ಹೇಳಲ್ಲ ಅಲ್ವಾ?

ಮನಸ್ಸಿನಲ್ಲಿದ್ದದ್ದು ಮೂರು. ನೋಆಲೆಯ ಎಪ್ರಿಲಿಯಾ ಆರ್‌ಎಸ್ 660: 100 ಎಚ್‌ಪಿ, ತೂಕ 183 ಕೆ.ಜಿ. ಅದನ್ನು ಬೇಗನೇ ಬಿಟ್ಟೆ. ಬಾಗಿ ಕೂರುವ ಸೀಟು ನನ್ನ ವಯಸ್ಸಿಗಲ್ಲ. ಉಳಿದವು ಬೊಲೊನ್ಯದ ಡುಕಾಟಿ ಮಾನ್‌ಸ್ಟರ್ 937 ಮತ್ತು ಮಂಡೆಲ್ಲೊ ಡೆಲ್ ಲಾರಿಯೊದಲ್ಲಿ ತಯಾರಾಗುವ ಮೋಟೊ ಗುಟ್ಸಿ ವಿ7. ಒಂದು 111 ಎಚ್‌ಪಿ, ಇನ್ನೊಂದು 65. ಹೃದಯ ಯಾವ ಕಡೆ ಇತ್ತು ಅಂತ ಬೇರೆ ಹೇಳಬೇಕಾಗಿಲ್ಲ.

ಆಮೇಲೆ ಎರಡರ ಸರ್ವಿಸ್ ಪಟ್ಟಿಯನ್ನೂ ಕೂತು ಓದಿದೆ. ವಿಷಯ ಬಿಚ್ಚಿಕೊಂಡದ್ದು ಅಲ್ಲಿ. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವನ್ನು (ಗಾಳಿ-ಪೆಟ್ರೋಲ್ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲು) ಕ್ಯಾಮ್ ಅನ್ನುವ ತಿರುಗುವ ಉಬ್ಬು ತೆರೆಯುತ್ತದೆ, ಸ್ಪ್ರಿಂಗ್ ಮುಚ್ಚುತ್ತದೆ. ಡುಕಾಟಿಯ ಡೆಸ್ಮೊ ಪದ್ಧತಿಯಲ್ಲಿ ಸ್ಪ್ರಿಂಗ್ ಬದಲು ಇನ್ನೊಂದು ರಾಕರ್ (ಪುಟ್ಟ ಸನ್ನೆ) ಅದನ್ನು ಎಳೆದು ಮುಚ್ಚುತ್ತದೆ. ಡುಕಾಟಿಯ ಎಂಜಿನಿಯರ್ ಫಾಬಿಯೊ ತಾಲ್ಯೋನಿ 1956ರಲ್ಲಿ ರೇಸ್ ಬೈಕಿಗೆಂದು ಇದನ್ನು ತಂದರು. ಹಾಗಾಗಿ ಪ್ರತಿ ವಾಲ್ವಿಗೂ ಎರಡು ಗ್ಯಾಪ್ (ತೆರೆಯುವ ಕಡೆ ಒಂದು, ಮುಚ್ಚುವ ಕಡೆ ಒಂದು ಸಣ್ಣ ಸಂದು) ನೋಡಬೇಕು. ಎರಡು ಸಿಲಿಂಡರ್, ಎಂಟು ವಾಲ್ವ್, ಹದಿನಾರು ಗ್ಯಾಪ್! ಸುಮ್ನೆ ಸ್ಕ್ರೂ ತಿರುಗಿಸಿ ಮುಗಿಸುವ ಕೆಲಸವಲ್ಲ, ಅಳತೆಯ ಶಿಮ್ (ಲೋಹದ ಪುಟ್ಟ ತುಂಡು) ಬದಲಿಸಬೇಕು. ಈ ಕೆಲಸ 30,000 ಕಿ.ಮೀ.ಗೆ ಒಮ್ಮೆ. ಗುಟ್ಸಿಯಲ್ಲಿ 10,000ಕ್ಕೆ ಒಮ್ಮೆ.

ಹಾಗಾದರೆ ಡುಕಾಟಿಯೇ ಮೇಲು ಅನಿಸುತ್ತದೆ. ನನಗೂ ಅನಿಸಿತ್ತು. ಆದರೆ ವರ್ಷಕ್ಕೆ 7,000 ಓಡಿಸುವವನು 30,000 ಮುಟ್ಟಲು ನಾಲ್ಕು ವರ್ಷ ದಾಟುತ್ತದೆ. ಅಷ್ಟರಲ್ಲಿ ಕ್ಯಾಮ್ ತಿರುಗಿಸುವ ರಬ್ಬರ್ ಬೆಲ್ಟಿಗೂ ವಯಸ್ಸಾಗಿರುತ್ತದೆ. ಅದನ್ನು ಓಡಿದರೂ ಓಡದಿದ್ದರೂ ಐದು ವರ್ಷಕ್ಕೆ ಬದಲಿಸಬೇಕು. ಎರಡೂ ಸೇರಿ ಒಂದೇ ದೊಡ್ಡ ಬಿಲ್ಲು. ಅದು ಮನೆಯಲ್ಲಿ ನಾನು ಮಾಡುವ ಕೆಲಸವಂತೂ ಅಲ್ಲ. ಗುಟ್ಸಿಯಲ್ಲಿ ಬೆಲ್ಟೇ ಇಲ್ಲ, ವಾಲ್ವಿನ ಕಡೆಗೆ ದೂಡುವುದು ಪುಶ್‌ರಾಡ್ ಅನ್ನುವ ಕಡ್ಡಿ. ಸಿಲಿಂಡರ್‌ಗಳು ಟ್ಯಾಂಕಿನ ಎರಡೂ ಕಡೆ ಹೊರಗೆ ಚಾಚಿಕೊಂಡಿವೆ. ವಾಲ್ವ್ ಬರೀ ನಾಲ್ಕು, ಎಲ್ಲವೂ ಸ್ಕ್ರೂ ಮತ್ತು ನಟ್ಟಿನವು. ಹಿಂದಿನ ಚಕ್ರ ತಿರುಗಿಸೋಕೆ ಚೈನ್ ಬದಲು ಶಾಫ್ಟ್.

(ಡುಕಾಟಿಯೂ ಬದಲಾಗುತ್ತಿದೆ. 2020ರಲ್ಲಿ ಮಲ್ಟಿಸ್ಟ್ರಾಡಾ ಅನ್ನುವ ದೂರ ಪ್ರಯಾಣದ ಬೈಕಿನ ನಾಲ್ಕು ಸಿಲಿಂಡರಿನ ವಿ4 ಎಂಜಿನ್ನಿಗೆ ಡೆಸ್ಮೊ ಬಿಟ್ಟು ಸ್ಪ್ರಿಂಗ್ ಹಾಕಿ, ವಾಲ್ವ್ ತಪಾಸಣೆಯನ್ನು 60,000 ಕಿ.ಮೀ.ಗೆ ಒಯ್ದರು. ತುಂಬ ಓಡಿಸುವವರು ಅದನ್ನೇ ನೋಡಬೇಕು.)

ಟೆಸ್ಟ್ ರೈಡಿಗೆ ಬೇಕೆಂದೇ ಮಟಮಟ ಮಧ್ಯಾಹ್ನ ಹೋದೆ. ಯಾವ ಬೈಕು ಅಂತ ಹೇಳಲ್ಲ. ಹತ್ತೇ ನಿಮಿಷಕ್ಕೆ ಹಿಂದಿನ ಸಿಲಿಂಡರಿನ ಬಿಸಿ ಬಲತೊಡೆಗೆ ತಟ್ಟಿತು. ನಿಧಾನ ಹೋದರೆ ಜರ್ಕ್ ಹೊಡೆಯುತ್ತಿತ್ತು, ಕ್ಲಚ್ಚಿನಿಂದ ಕೈ ತೆಗೆಯುವ ಹಾಗಿಲ್ಲ. ಖಾಲಿ ರಸ್ತೆಗೆ ಬಂದು ಥ್ರಾಟಲ್ ತಿರುವಿದೆ ನೋಡಿ, ಬಿಸಿ, ಜರ್ಕ್, ನೋಟ್‌ಬುಕ್ಕು ಎಲ್ಲ ಮರೆತೇಹೋಯಿತು. ಆ ದಿನವೇ ಅಡ್ವಾನ್ಸ್ ಕೊಡಬಾರದು ಅಂತ ಪರ್ಸ್ ಮನೆಯಲ್ಲೇ ಬಿಟ್ಟು ಬಂದಿದ್ದೆ. ಒಳ್ಳೇದೇ ಆಯಿತು.

ವಾಪಸ್ ಬಂದು ಸೇಲ್ಸ್ ಹುಡುಗನನ್ನು ಕೇಳಿದೆ, "ಕ್ಲಚ್ ಲಿವರ್ ಮುರಿದರೆ ಎಷ್ಟು ದಿನಕ್ಕೆ ಸಿಗುತ್ತೆ?" ಅವನು ಟ್ಯಾಂಕಿನ ಬಣ್ಣಗಳ ಬಗ್ಗೆ ಹೇಳತೊಡಗಿದ. ಹಿಂದಿನ ವರ್ಕ್‌ಶಾಪಿಗೆ ಹೋದೆ. ಮೂಲೆಯಲ್ಲಿ ಒಂದು ಬೈಕು, ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಧೂಳು. ಹ್ಯಾಂಡಲಿಗೆ ಕಟ್ಟಿದ ಜಾಬ್ ಕಾರ್ಡಿನ ತಾರೀಖು ಏಳು ವಾರ ಹಿಂದಿನದು. "ಪಾರ್ಟ್ ಬರಬೇಕು ಸಾರ್" ಅಂದರು ಅಲ್ಲಿದ್ದವರು. ಯಾವ ಪಾರ್ಟ್ ಅಂದೆ. ಇಂಡಿಕೇಟರ್ ಸ್ವಿಚ್ಚಂತೆ!

ಗುಟ್ಸಿ ನೋಡಿಕೊಳ್ಳುವ ಇನ್ನೊಂದು ಕಡೆ ವಯಸ್ಸಾದ ಮೆಕ್ಯಾನಿಕ್ ಒಬ್ಬರು ನೇರವಾಗಿ ಹೇಳಿದರು: "ಫಿಲ್ಟರ್, ಬ್ರೇಕ್ ಪ್ಯಾಡ್, ಕೇಬಲ್ ಇಲ್ಲೇ ಇದೆ. ಮಿಕ್ಕದ್ದಕ್ಕೆ ಮೂರು ವಾರ ಕಾಯ್ಬೇಕು. ಆಗುತ್ತೆ ಅಂದ್ರೆ ತಗೊಳಿ." ಬೈಕಿಗಿಂತ ಮೊದಲು ನಾನು ಆ ಮಾತಿಗೆ ಒಪ್ಪಿದೆ ಅನ್ನಬಹುದು.

ವಿ7 ತಗೊಂಡೆ. ಓವರ್‌ಟೇಕ್ ಮಾಡುವಾಗ ಆ 111 ಎಚ್‌ಪಿ ನೆನಪಾಗುವುದುಂಟು, ಸುಳ್ಳು ಯಾಕೆ ಹೇಳಲಿ.

10,000 ಕಿ.ಮೀ. ಆದ ಮೇಲೆ ಒಂದು ಭಾನುವಾರ ಟ್ಯಾಪೆಟ್ ಕೆಲಸ (ವಾಲ್ವ್ ಗ್ಯಾಪ್ ಸರಿಮಾಡುವುದು) ನಾನೇ ಹಿಡಿದೆ. ರಾತ್ರಿಯಿಡೀ ತಣ್ಣಗಾದ ಎಂಜಿನ್. ಪ್ಲಗ್ ಬಿಚ್ಚಿ, ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತ ಪಿಸ್ಟನ್ ಮೇಲೆ ಬರುವ ಜಾಗ ಹುಡುಕಿದೆ. ಮೂರು ಗ್ಯಾಪ್ ಸರಿಯಾಗಿದ್ದವು. ಎಡಗಡೆಯ ಎಕ್ಸಾಸ್ಟ್‌ನಲ್ಲಿ ಮಾತ್ರ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ಒಳಗೇ ಹೋಗಲಿಲ್ಲ. ಸ್ಕ್ರೂ ಸಡಿಲಿಸಿ ಅಳತೆ ಕೂರಿಸಿದರೆ, ನಟ್ ಬಿಗಿ ಮಾಡುವಾಗ ಸ್ಕ್ರೂ ಕೂಡ ಕೂದಲೆಳೆಯಷ್ಟು ತಿರುಗಿ ಗ್ಯಾಪ್ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ನಾಲ್ಕನೇ ಸಲಕ್ಕೆ ಸಿಕ್ಕಿತು. ಒಟ್ಟು ಮೂರು ಗಂಟೆ ಹಿಡಿಯಿತು.

ಸ್ಟಾರ್ಟ್ ಮಾಡಿದೆ. ಗಾಡಿ ಎಂದಿನಂತೆ ಬಲಕ್ಕೊಮ್ಮೆ ಮೈ ಕೊಡವಿತು. ವಾಲ್ವಿನ ಟಿಕ್ ಟಿಕ್ ಸದ್ದು ಇನ್ನೂ ಇತ್ತು. ಹೆದರಿ ಮೆಕ್ಯಾನಿಕ್‌ಗೆ ಫೋನ್ ಮಾಡಿ ಕೇಳಿಸಿದೆ. "ಸದ್ದು ಬರ್ತಿದ್ರೆ ಚಿಂತೆ ಇಲ್ಲ, ಪೂರ್ತಿ ನಿಂತೋದ್ರೆ ಫೋನ್ ಮಾಡಿ" ಅಂದು ಇಟ್ಟುಬಿಟ್ಟರು.