ಟೆಸ್ಟೋಸ್ಟೆರಾನ್ ರಿಪೋರ್ಟ್: ಅಂಕಿಗಿಂತ ಮೊದಲು ಹೊತ್ತು ನೋಡಿ

ಗಂಡಸರ ಮುಖ್ಯ ಲೈಂಗಿಕ ಹಾರ್ಮೋನಾದ ಟೆಸ್ಟೋಸ್ಟೆರಾನಿನ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣೂ ಅಂಕಿಯ ಮೇಲೇ ಬೀಳುತ್ತದೆ. ಪಕ್ಕದಲ್ಲಿ ದಪ್ಪಕ್ಷರದ 'ಎಲ್' (ಲೋ, ಅಂದರೆ ಕಡಿಮೆ) ಇದ್ದರಂತೂ ಎದೆ ಧಸಕ್ ಎನ್ನುತ್ತದೆ. ಅಂಕಿ ಆಮೇಲೆ ನೋಡೋಣ. ರಿಪೋರ್ಟಿನ ಮೇಲ್ಭಾಗದಲ್ಲಿ ರಕ್ತ ತೆಗೆದ ಸಮಯ ಹಾಕಿರುತ್ತಾರಲ್ಲ, ಮೊದಲು ಅದನ್ನು ಓದಿ.

ಈ ಹಾರ್ಮೋನು ಬೆಳಿಗ್ಗೆ ಜಾಸ್ತಿ ಇರುತ್ತದೆ, ಸಂಜೆ ಹೊತ್ತಿಗೆ ಇಳಿಯುತ್ತದೆ. ಹರೆಯದವರಲ್ಲಿ ಈ ಏರಿಳಿತ ಇನ್ನೂ ದೊಡ್ಡದು. ತಿಂಡಿ ತಿಂದರೂ ಮಟ್ಟ ತಗ್ಗುತ್ತದೆ. ಅದಕ್ಕೇ ಬೆಳಿಗ್ಗೆ 7ರಿಂದ 10ರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ನಮ್ಮ ಕಡೆ ಎಡವುವುದು ಇಲ್ಲೇ. ನವಲಗುಂದದಿಂದಲೋ ಕುಂದಗೋಳದಿಂದಲೋ ಬಸ್ಸು ಹಿಡಿದು, ಇಡ್ಲಿ ತಿಂದು ಚಹಾ ಕುಡಿದು, ಹುಬ್ಬಳ್ಳಿಯ ವಿದ್ಯಾನಗರ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ. ಆ ಹೊತ್ತಿನ ಅಂಕಿ ಕಡಿಮೆ ಬಂದರೆ ಅದನ್ನು ನಂಬಿ ಕೊರಗಬೇಡಿ. ಊರಿನ ಹತ್ತಿರದ ಲ್ಯಾಬಿನಲ್ಲೇ ಬೆಳಿಗ್ಗೆ ರಕ್ತ ಕೊಟ್ಟು, ರಿಪೋರ್ಟ್ ಹಿಡಿದು ಹುಬ್ಬಳ್ಳಿಗೆ ಬಂದರಾಯಿತು. ರಾತ್ರಿ ಪಾಳಿ ಮಾಡುವವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಿ. ಜ್ವರವೋ ಬೇರೆ ಕಾಯಿಲೆಯೋ ಇದ್ದರೆ ಪೂರ್ತಿ ಗುಣವಾಗುವ ತನಕ ಕಾಯಿರಿ.

ಇನ್ನು ಅಳತೆಯ ಮಾನ. ಒಂದು ಲ್ಯಾಬು ಡೆಸಿಲೀಟರಿಗೆ 300 ನ್ಯಾನೋಗ್ರಾಂ ಎಂದರೆ ಇನ್ನೊಂದು ಮಿಲಿಲೀಟರಿಗೆ 3 ಎನ್ನುತ್ತದೆ, ಮತ್ತೊಂದು ಲೀಟರಿಗೆ 10.4 ನ್ಯಾನೋಮೋಲ್ ಎನ್ನುತ್ತದೆ. ಮೂರೂ ಒಂದೇ. ಧಾರವಾಡದ ರಿಪೋರ್ಟಿನಲ್ಲಿ 300 ಇದ್ದದ್ದು ಗದಗಿನದರಲ್ಲಿ 3 ಆಯಿತೆಂದು ಗಾಬರಿಯಾಗಬೇಡಿ.

ಈಗ ಅಂಕಿಗೆ ಬರೋಣ. ಅಮೆರಿಕ, ಯುರೋಪಿನ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಕೊಟ್ಟ ಸಹಜ ಮಿತಿ ಡೆಸಿಲೀಟರಿಗೆ 264ರಿಂದ 916 ನ್ಯಾನೋಗ್ರಾಂ. ಅದು 19ರಿಂದ 39 ವರ್ಷದ, ಬೊಜ್ಜಿಲ್ಲದ ಆರೋಗ್ಯವಂತ ಗಂಡಸರದು. ಅಮೆರಿಕದ ಮೂತ್ರರೋಗ ತಜ್ಞರ ಸಂಘ 300ಕ್ಕಿಂತ ಕೆಳಗಿದ್ದರೆ ಕಡಿಮೆ ಎನ್ನುತ್ತದೆ. ಇಂಥ ಮಿತಿಗಳನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವಂತೆ ಹಾಕಿರುತ್ತಾರೆ. ಅಂದರೆ ಏನೂ ತೊಂದರೆಯಿಲ್ಲದ ಐದು ಜನ ಹೊರಗೇ ಉಳಿಯುತ್ತಾರೆ. ಲ್ಯಾಬಿನ ಯಂತ್ರ ಬದಲಾದರೂ ಮಿತಿ ಬದಲಾಗುತ್ತದೆ. ಹಾಗಾಗಿ ನಿಮ್ಮ ರಿಪೋರ್ಟಿನಲ್ಲಿ ಅಚ್ಚಾದ ಮಿತಿಯೊಂದಿಗೇ ಹೋಲಿಸಿ. ಹೆಣ್ಣುಮಕ್ಕಳ ಮಿತಿ ಬೇರೆಯೇ, ತುಂಬಾ ಕೆಳಗಿರುತ್ತದೆ.

ಕಡಿಮೆ ಬಂದರೆ ಇನ್ನೊಂದು ದಿನ ಬೆಳಿಗ್ಗೆ, ಅದೇ ಲ್ಯಾಬಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿ. ಒಂದೇ ರಿಪೋರ್ಟ್ ಹಿಡಿದು ಚಿಕಿತ್ಸೆ ಶುರು ಮಾಡುವುದು ತಪ್ಪು. ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಲ್ಯಾಬಿನವರಿಗೆ ತಿಳಿಸಿ, ಕೆಲವು ಯಂತ್ರಗಳಲ್ಲಿ ಅದು ಅಂಕಿಯನ್ನೇ ಏರುಪೇರು ಮಾಡುತ್ತದೆ.

ಎರಡನೇ ಸಲವೂ ಕಡಿಮೆಯೇ? ಆಗ ಡಾಕ್ಟರು ಎಲ್‌ಎಚ್ ನೋಡುತ್ತಾರೆ. ಇದು ಟೆಸ್ಟೋಸ್ಟೆರಾನ್ ತಯಾರಿಸು ಎಂದು ವೃಷಣಕ್ಕೆ ಹೇಳಲು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಕಳಿಸುವ ಹಾರ್ಮೋನು. ಎಲ್‌ಎಚ್ ಜಾಸ್ತಿ ಇದ್ದರೆ ತೊಂದರೆ ವೃಷಣದಲ್ಲಿ. ಅದೂ ಕಡಿಮೆಯೋ ಸಾಧಾರಣವೋ ಇದ್ದರೆ ಪಿಟ್ಯುಟರಿ ಕಡೆ ಹುಡುಕಬೇಕು. ಬೊಜ್ಜು, ಸಕ್ಕರೆ ಕಾಯಿಲೆ ಇದ್ದವರಲ್ಲಿ ಟೆಸ್ಟೋಸ್ಟೆರಾನನ್ನು ರಕ್ತದಲ್ಲಿ ಹೊತ್ತೊಯ್ಯುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನು ಇಳಿದು ಒಟ್ಟು ಅಂಕಿ ಕಡಿಮೆ ಕಾಣಬಹುದು. ಅಂಥವರಿಗೆ 'ಫ್ರೀ', ಅಂದರೆ ಪ್ರೋಟೀನಿಗೆ ಅಂಟದೆ ಬಿಡಿಯಾಗಿರುವ ಟೆಸ್ಟೋಸ್ಟೆರಾನ್ ಲೆಕ್ಕ ಬೇಕಾಗುತ್ತದೆ.

ಬರೀ ಸುಸ್ತು ಎಂದು ಈ ಪರೀಕ್ಷೆಗೆ ಓಡುವವರೂ ಇದ್ದಾರೆ. ಸುಸ್ತಿಗೆ ನಿದ್ದೆಗೇಡು, ಥೈರಾಯ್ಡ್, ರಕ್ತಹೀನತೆ ಹೀಗೆ ಕಾರಣ ಹತ್ತಾರು. ಲೈಂಗಿಕ ಆಸೆ ಕುಗ್ಗುವುದು, ಬೆಳಗಿನ ನಿಮಿರುವಿಕೆ ನಿಲ್ಲುವುದು, ಮೈಕೂದಲು ಕಡಿಮೆಯಾಗುವುದು ಹೆಚ್ಚು ನಿಜವಾದ ಸುಳಿವು. ಇವನ್ನು ಹೇಳಲು ನಾಚಬೇಡಿ.

ನನಗೆ ತುಂಬಾ ಚಿಂತೆ ಇರುವುದು ಹೊಸದಾಗಿ ಮದುವೆಯಾದ ಹುಡುಗರ ಬಗ್ಗೆ. ಜಿಮ್ಮಿನ ಗೆಳೆಯರ ಮಾತು ಕೇಳಿ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತೆಗೆದುಕೊಂಡರೆ ರಕ್ತದ ಅಂಕಿ ಏರುತ್ತದೆ, ವೀರ್ಯಾಣು ಮಾತ್ರ ಕುಸಿಯುತ್ತದೆ, ಪೂರ್ತಿ ಇಲ್ಲವಾಗಲೂಬಹುದು. ಹೊರಗಿನಿಂದ ಹಾರ್ಮೋನು ಬಂದಾಗ ಪಿಟ್ಯುಟರಿ ತನ್ನ ಕೆಲಸ ನಿಲ್ಲಿಸುವುದೇ ಕಾರಣ. ಇಂಜೆಕ್ಷನ್ ಬಿಟ್ಟ ಮೇಲೆ ಚೇತರಿಸಿಕೊಳ್ಳಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮಗು ಬೇಕು ಎನ್ನುವವರು ಚಿಕಿತ್ಸೆಗೆ ಮೊದಲೇ ಡಾಕ್ಟರಿಗೆ ಹಾಗೆಂದು ಹೇಳಿ, ವೀರ್ಯ ಪರೀಕ್ಷೆ ಮಾಡಿಸಿ. ಈಗಾಗಲೇ ಇಂಜೆಕ್ಷನ್ ಶುರು ಮಾಡಿದ್ದರೆ ಅದನ್ನೂ ಮುಚ್ಚಿಡಬೇಡಿ, ಯಾವ ಔಷಧಿ, ಎಷ್ಟು, ಯಾವಾಗಿನಿಂದ ಎಂದು ಬರೆದುಕೊಂಡು ಹೋಗಿ.