ಅಡಿಕೆ ದರದ ಜೇಸನ್ ಪಠ್ಯವನ್ನು ಪಿಎಲ್‌ಎಸ್‌ಕ್ಯೂಎಲ್‌ನಲ್ಲಿ ಬಿಡಿಸುವುದು ಹೇಗೆ?

ಶಿವಮೊಗ್ಗ ಮಾರುಕಟ್ಟೆಯ ಅಡಿಕೆ ದರಪಟ್ಟಿಯು ದಿನವೂ ಜೇಸನ್ (ಮಾಹಿತಿಯನ್ನು ಹೆಸರು-ಮೌಲ್ಯಗಳ ಜೋಡಿಗಳಾಗಿ ಬರೆಯುವ ರೂಪ) ಪಠ್ಯವಾಗಿ ಮಂಡಿಯೊಂದರ ಒರಾಕಲ್ ಡೇಟಾಬೇಸ್‌ಗೆ ಬರುತ್ತದೆ ಎಂದಿಟ್ಟುಕೊಳ್ಳೋಣ. ಪಿಎಲ್‌ಎಸ್‌ಕ್ಯೂಎಲ್ ಎಂಬುದು ಆ ಡೇಟಾಬೇಸ್‌ನ ಪ್ರೋಗ್ರಾಮಿಂಗ್ ಭಾಷೆ. ಅದರಲ್ಲಿ ದಿನಾಂಕವಿದ್ದು, ‘ದರಗಳು’ ಎಂಬ ಅರೇಯಲ್ಲಿ (ನಮೂದುಗಳ ಪಟ್ಟಿಯಲ್ಲಿ) ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳಿಗೆ ಒಂದೊಂದು ನಮೂದು ಇರುತ್ತದೆ. ಪ್ರತಿ ನಮೂದಿನಲ್ಲಿ ಕ್ವಿಂಟಲ್‌ನ ಕನಿಷ್ಠ ಮತ್ತು ಗರಿಷ್ಠ ದರ. ಇದನ್ನು ಇನ್‌ಸ್ಟರ್, ಸಬ್‌ಸ್ಟರ್ ಎಂಬ ಪಠ್ಯ ಫಂಕ್ಷನ್‌ಗಳನ್ನು ಬಳಸಿ ಅಕ್ಷರ ಎಣಿಸಿ ಕತ್ತರಿಸುವವರು ಇಂದಿಗೂ ಇದ್ದಾರೆ. ಒಂದು ಖಾಲಿ ಜಾಗ ಹೆಚ್ಚಾದರೂ ಕೆಡುವ ಆ ದಾರಿ ಬೇಡ.

ಮೊದಲಿಗೆ ಪಠ್ಯವನ್ನು ಕ್ಲಾಬ್ (ದೊಡ್ಡ ಪಠ್ಯ ಹಿಡಿಯುವ) ಕಾಲಂನಲ್ಲಿ ಇರಿಸಿ, ಸರಿಯಾದ ಜೇಸನ್ ಅಲ್ಲದ್ದನ್ನು ತಡೆಯುವ ‘ಈಸ್ ಜೇಸನ್ ಸ್ಟ್ರಿಕ್ಟ್’ ನಿರ್ಬಂಧವನ್ನು ಅದಕ್ಕೆ ಹಾಕಬೇಕು. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ (ಅಕ್ಷರಕ್ಕೂ, ಅದರ ಸ್ವರಚಿಹ್ನೆಗೂ ಬೇರೆಬೇರೆಯಾಗಿ) 3 ಬೈಟ್ ಬೇಕು; ‘ರಾಶಿ’ ಎಂಬ ಪುಟ್ಟ ಪದವೇ 12 ಬೈಟ್ ಹಿಡಿಯುವುದರಿಂದ, 4,000 ಬೈಟ್‌ಗಳ ವಾರ್‌ಕ್ಯಾರ್2 (ಸಾಮಾನ್ಯ ಪಠ್ಯದ) ಕಾಲಂ ಬೇಗನೆ ತುಂಬಿಹೋಗುತ್ತದೆ.

ಬಳಿಕ ಜೇಸನ್_ಆಬ್ಜೆಕ್ಟ್_ಟಿ ಬಗೆಯ, ಪಠ್ಯವನ್ನು ಬಿಡಿಸಿ ಓದುವ ಪಾರ್ಸ್ ವಿಧಾನಕ್ಕೆ ಪಠ್ಯವನ್ನು ಕೊಟ್ಟು, ಗೆಟ್_ಅರೇ ಮೂಲಕ ‘ದರಗಳು’ ಭಾಗವನ್ನು ಪಡೆಯಬೇಕು. ಈ ಸೌಲಭ್ಯ ಒರಾಕಲ್‌ನ 12.2ನೇ ಆವೃತ್ತಿಯಿಂದ ಇದೆ. ಲೂಪ್ ಬರೆಯುವಾಗ, ಪಿಎಲ್‌ಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ 1ರಿಂದ ಎಣಿಸುವ ಅಭ್ಯಾಸವನ್ನು ಬಿಟ್ಟು, ಸೊನ್ನೆಯಿಂದ ಆರಂಭಿಸಿ ಗೆಟ್_ಸೈಜ್‌ಗಿಂತ ಒಂದು ಕಡಿಮೆಗೆ ನಿಲ್ಲಿಸಬೇಕು. ಪ್ರತಿ ಸುತ್ತಿನಲ್ಲಿ ಕೈಗೆ ಬರುವುದು ಸಾಮಾನ್ಯ ಎಲಿಮೆಂಟ್ ಮಾತ್ರವಾದುದರಿಂದ, ಟ್ರೀಟ್ ಬಳಸಿ ಅದನ್ನು ಆಬ್ಜೆಕ್ಟ್ ಆಗಿ ಪರಿಗಣಿಸಿ, ಅನಂತರ ಗೆಟ್_ಸ್ಟ್ರಿಂಗ್‌ನಿಂದ ಬಗೆಯನ್ನೂ ಗೆಟ್_ನಂಬರ್‌ನಿಂದ ದರವನ್ನೂ ಓದಬೇಕು.

ಎಚ್ಚರ ಬೇಕಾದದ್ದು ಇಲ್ಲೇ. ‘ಗರಿಷ್ಠ’ ಎಂಬ ಕೀಲಿಯೇ (ಮೌಲ್ಯದ ಹೆಸರೇ) ಇಲ್ಲದಿದ್ದರೂ, ದರವು ಉದ್ಧರಣ ಚಿಹ್ನೆಯೊಳಗೆ “52,000” ಎಂದು ಅಲ್ಪವಿರಾಮ ಸಹಿತ ಬಂದಿದ್ದರೂ, ಗೆಟ್_ನಂಬರ್ ತಕರಾರೆತ್ತದೆ ನಲ್ (ಖಾಲಿ ಮೌಲ್ಯ) ಹಿಂತಿರುಗಿಸುತ್ತದೆ. ಕೋಷ್ಟಕದಲ್ಲಿ ದರ ಖಾಲಿ ಉಳಿಯುತ್ತದೆ, ಪ್ರೋಗ್ರಾಂ ಮಾತ್ರ ಸರಾಗವಾಗಿ ಮುಗಿದಂತೆ ಕಾಣುತ್ತದೆ. ಆದ್ದರಿಂದ ಪ್ರತಿ ನಮೂದಿನ ಮೇಲೂ, ನಲ್ ಬದಲು ದೋಷವನ್ನೇ ಎತ್ತಿ ತೋರಿಸುವಂತೆ ಆನ್_ಎರರ್(1) ಎಂದು ಕರೆದರೆ ದೋಷ ಆಗಲೇ ಬಯಲಾಗುತ್ತದೆ. ಗೊರಬಲಿನ ಆವಕವೇ ಇಲ್ಲದ ದಿನ ದರವಿಲ್ಲದಿರುವುದು ಸಹಜವಾದ್ದರಿಂದ, ಕೀಲಿ ಇದೆಯೇ ಎಂದು ಹ್ಯಾಸ್ ಮೂಲಕ ಮೊದಲು ಕೇಳಿಕೊಳ್ಳುವುದು ಒಳ್ಳೆಯದು.

ದರಗಳನ್ನು ಕೋಷ್ಟಕಕ್ಕೆ ತುಂಬುವುದಷ್ಟೇ ಉದ್ದೇಶವಾದರೆ ಲೂಪ್ ಏಕೆ ಬೇಕು? 12.1.0.2ರಲ್ಲಿಯೇ ಬಂದ ಜೇಸನ್_ಟೇಬಲ್ ಒಂದೇ ಕ್ವೆರಿಯಲ್ಲಿ ಅರೇಯನ್ನು ಸಾಲುಗಳಾಗಿ ಬಿಡಿಸಿಕೊಡುತ್ತದೆ. ಅದೂ ಸಹ ತಾನಾಗಿ ನಲ್ ಕೊಟ್ಟು ಸುಮ್ಮನಾಗುವುದರಿಂದ, ‘ಎರರ್ ಆನ್ ಎರರ್’ ಎಂದು ಸ್ಪಷ್ಟವಾಗಿ ಬರೆಯಬೇಕು. ಅದೇ ಪಟ್ಟಿ ಎರಡನೇ ಬಾರಿ ಬಂದಾಗ ಸಾಲುಗಳು ದುಪ್ಪಟ್ಟಾಗದಂತೆ, ಇನ್‌ಸರ್ಟ್ ಬದಲು ದಿನಾಂಕ ಮತ್ತು ಬಗೆಯನ್ನು ಹೋಲಿಸಿ, ಸಾಲು ಇದ್ದರೆ ತಿದ್ದುವ, ಇಲ್ಲದಿದ್ದರೆ ಸೇರಿಸುವ ಮರ್ಜ್ ಬಳಸಬೇಕು.