ಉತ್ತರ ಸಿಗದಿದ್ದಾಗ ದೇವರಲ್ಲಿ ಭರವಸೆ ಇಡುವುದು ಹೇಗೆ: ಒಂದು ನೋಟ್‌ಬುಕ್, ದಿನಕ್ಕೆ ಇಪ್ಪತ್ತು ನಿಮಿಷ

ಡಿಸೆಂಬರ್ 31ರ ರಾತ್ರಿ ಆರಾಧನೆ ಮುಗಿಸಿ ಹೊರಡುವಾಗ ಬೆಂಗಳೂರಿನ ಎಷ್ಟೋ ಕ್ರೈಸ್ತ ಸಭೆಗಳಲ್ಲಿ ಕೈಗೊಂದು ವಾಗ್ದಾನದ ಕಾರ್ಡು ಕೊಡುತ್ತಾರೆ. ಅದರಲ್ಲಿ ಪದೇಪದೇ ಕಾಣಸಿಗುವ ವಾಕ್ಯ ಸತ್ಯವೇದದ, ಅಂದರೆ ಬೈಬಲಿನ, ಯೆರೆಮೀಯ 29:11. ದೇವರು ನಿಮ್ಮ ವಿಷಯದಲ್ಲಿ ಹಿತವನ್ನೇ ಯೋಚಿಸಿದ್ದಾನೆ, ಅಹಿತವನ್ನಲ್ಲ ಎಂಬ ಮಾತು. ಕಾರ್ಡು ಫ್ರಿಜ್ ಬಾಗಿಲಿಗೆ ಅಂಟಿಕೊಳ್ಳುತ್ತದೆ. ಮಾರ್ಚ್ ಹೊತ್ತಿಗೆ ಕಂಪನಿಯಿಂದ ರಾಜೀನಾಮೆ ಕೇಳಿರುತ್ತಾರೆ, ಇಲ್ಲವೇ ಸ್ಕ್ಯಾನ್ ರಿಪೋರ್ಟಿನಲ್ಲಿ ಬೇಡದ ಸಾಲೊಂದು ಇರುತ್ತದೆ. ಆಮೇಲೆ ನೀರಿನ ಬಾಟಲಿ ತೆಗೆಯಲು ಹೋದಾಗಲೆಲ್ಲ ಆ ಕಾರ್ಡು ಕಣ್ಣಿಗೆ ಚುಚ್ಚುತ್ತದೆ.

ಕಾರ್ಡಿನಲ್ಲಿ ಜಾಗ ಸಾಲದೆ ಬಿಟ್ಟುಹೋದ ವಚನಗಳನ್ನು ಓದಿ. ಅದು ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೆ ಪ್ರವಾದಿ ಯೆರೆಮೀಯನು ಬರೆದ ಪತ್ರ. 10ನೇ ವಚನದಲ್ಲಿ ಎಪ್ಪತ್ತು ವರ್ಷ ಎಂದಿದೆ. ಅಂದರೆ ಆ ಪತ್ರವನ್ನು ಕೇಳಿಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರು ಊರಿಗೆ ಮರಳುವ ದಿನವನ್ನು ಕಾಣುವಂತಿರಲಿಲ್ಲ. ಅವರಿಗೆ ಸಿಕ್ಕಿದ್ದು ಕೆಲಸದ ಪಟ್ಟಿ: ಮನೆ ಕಟ್ಟಿ, ತೋಟ ಮಾಡಿ, ಅದರ ಫಲ ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ. ಇಲ್ಲಿ ಹೇಳುವ ಕ್ರಮವೂ ಅದೇ ದಾರಿಯದು. ಪ್ರಶ್ನೆಯನ್ನು ದೇವರ ಮುಂದೆ ತೆರೆದೇ ಇಡುವುದು, ಜೊತೆಗೆ ಇವತ್ತಿನ ಕೆಲಸವನ್ನು ಇವತ್ತೇ ಮಾಡುವುದು.

ಇನ್ನೊಂದು ವಾಕ್ಯದ ವಿಷಯದಲ್ಲೂ ಗೊಂದಲವಿದೆ. ಜ್ಞಾನೋಕ್ತಿ 3:5ರಲ್ಲಿ ‘ಸ್ವಬುದ್ಧಿಯನ್ನೇ ಆಧಾರಮಾಡಿಕೊಳ್ಳದೆ’ ಎಂದಿದೆ. ಆ ‘ಏ’ಕಾರಕ್ಕೆ ಬೆಲೆ ಕೊಡಿ. ಬುದ್ಧಿಯನ್ನು ಚಪ್ಪಲಿಯ ಜೊತೆ ಬಾಗಿಲಲ್ಲೇ ಬಿಟ್ಟು ಬಾ ಎಂದು ಅಲ್ಲಿ ಯಾರೂ ಹೇಳಿಲ್ಲ.

ಮೊದಲು ಪ್ರಶ್ನೆಗಳನ್ನು ಬೇರ್ಪಡಿಸಿ

ನೂರು ಪುಟದ ಒಂದು ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆಯಬೇಡಿ, ಎರಡನೇ ಸಾಲಿಗೆ ವಾಟ್ಸಾಪ್ ಕರೆಯುತ್ತದೆ. ಪುಟದ ನಡುವೆ ಗೆರೆ ಎಳೆಯಿರಿ. ಮನುಷ್ಯರು ಯಾರಾದರೂ ಉತ್ತರ ಹೇಳಬಲ್ಲ ಪ್ರಶ್ನೆಗಳು ಎಡಕ್ಕೆ: ಗಡ್ಡೆ ಯಾವ ಹಂತದಲ್ಲಿದೆ, ಇನ್ಶೂರೆನ್ಸ್ ಎಷ್ಟು ಕೊಡುತ್ತದೆ, ಬ್ಯಾಂಕಿನವರು ಕಂತನ್ನು ಮುಂದೂಡುತ್ತಾರಾ. ಪ್ರತಿಯೊಂದರ ಮುಂದೆಯೂ ಯಾರನ್ನು ಕೇಳಬೇಕು, ಯಾವ ದಿನದೊಳಗೆ ಎಂದು ಬರೆಯಿರಿ. ಬಲಕ್ಕೆ ಯಾರೂ ಹೇಳಲಾಗದವು: ನನಗೇ ಏಕೆ, ಇಷ್ಟು ಪ್ರಾರ್ಥಿಸಿದರೂ ಮಗು ಏಕೆ ಉಳಿಯಲಿಲ್ಲ, ದೇವರು ಕೇಳಿಸಿಕೊಳ್ಳುತ್ತಿದ್ದಾನಾ. ಇದಕ್ಕೆ ಆಧಾರ ಧರ್ಮೋಪದೇಶಕಾಂಡ 29:29. ಗುಪ್ತವಾದವು ದೇವರಿಗೆ ಸೇರಿದವು, ಪ್ರಕಟವಾದವು ನಮಗೂ ನಮ್ಮ ಮಕ್ಕಳಿಗೂ.

ಈ ವಿಂಗಡಣೆ ಎರಡು ರೀತಿಯಲ್ಲಿ ಕೆಡುತ್ತದೆ. ಎಡಗಡೆಯದನ್ನು ಬಲಕ್ಕೆ ತಳ್ಳುವುದು ಒಂದು. ‘ಕರ್ತನು ನೋಡಿಕೊಳ್ಳುತ್ತಾನೆ’ ಎಂದುಕೊಂಡು ಎರಡು ತಿಂಗಳು ಡಾಕ್ಟರ ಬಳಿಗೆ ಹೋಗದೆ ಇರುವವರನ್ನು ಎಲ್ಲ ಸಭೆಗಳಲ್ಲೂ ಕಾಣಬಹುದು. ಅದು ಹೆದರಿಕೆ, ನಂಬಿಕೆಯ ಬಟ್ಟೆ ತೊಟ್ಟಿದೆ ಅಷ್ಟೆ. ಎರಡನೆಯದು ಇದರ ಉಲ್ಟಾ. ರಾತ್ರಿ ಎರಡು ಗಂಟೆಗೆ ಯೂಟ್ಯೂಬ್ ಪ್ರಸಂಗಗಳಲ್ಲಿ ‘ನನಗೇ ಏಕೆ’ ಎಂಬುದಕ್ಕೆ ಉತ್ತರ ಹುಡುಕುವುದು. ಬಲಗಡೆಯ ಪ್ರಶ್ನೆಗಳನ್ನು ಹುಡುಕಬೇಡಿ, ಪ್ರಾರ್ಥನೆಗೆ ತನ್ನಿ.

ಇಪ್ಪತ್ತು ನಿಮಿಷದ ದೂರು

ಇದಕ್ಕೆ ಅಚ್ಚು 13ನೇ ಕೀರ್ತನೆ. ಇರುವುದು ಬರೀ ಆರು ವಚನ. ಮೊದಲ ಎರಡರಲ್ಲಿ ‘ಎಷ್ಟರ ವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮುಂದಿನ ಎರಡು ಬೇಡಿಕೆ. ಕೊನೆಯ ಎರಡು ಭರವಸೆ. ನಿಮ್ಮದನ್ನೂ ಹೀಗೆಯೇ ಬರೆಯಿರಿ: ದೂರಿಗೆ ಹತ್ತು ನಿಮಿಷ, ಬೇಡಿಕೆಗೆ ಐದು, ಭರವಸೆಗೆ ಐದು. ದೂರಿಗೆ ಹೆಚ್ಚು ಸಮಯ ಬೇಕೇಬೇಕು, ಏಕೆಂದರೆ ನಾವು ಅದನ್ನು ನುಂಗಿಯೇ ಅಭ್ಯಾಸ.

ದೂರಿನಲ್ಲಿ ಸಭೆಯ ಭಾಷೆ ಬೇಡ. ‘ಕರ್ತನೇ, ನಿನ್ನ ಚಿತ್ತದಂತೆ ಆಗಲಿ’ ಎಂದು ಶುರುಮಾಡಿದರೆ ಪೆನ್ನು ಅಲ್ಲೇ ನಿಲ್ಲುತ್ತದೆ. ‘ಅಪ್ಪಾ, ನೀನು ನನ್ನನ್ನು ಮರೆತಿದ್ದೀಯ, ಒಂಬತ್ತು ತಿಂಗಳಾಯಿತು’ ಎಂದು ಬರೆಯಿರಿ. ಯೇಸು ಕೂಡ ಶಿಲುಬೆಯ ಹಿಂದಿನ ರಾತ್ರಿ ಗೆತ್ಸೆಮನೆಯಲ್ಲಿ ಮೊದಲು ಕೇಳಿದ್ದು ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು. ‘ನಿನ್ನ ಚಿತ್ತದಂತೆ’ ಎಂಬುದು ಅದರ ನಂತರ ಬಂದ ಮಾತು. ಅದನ್ನೂ ಮೂರು ಸಲ ಪ್ರಾರ್ಥಿಸಿದನು.

ಬೇಡಿಕೆ ಅಳತೆಗೆ ಸಿಗುವಂತಿರಲಿ. ‘ಆಶೀರ್ವದಿಸು’ ಎಂದರೆ ಏನೂ ಕೇಳಿದಂತಾಗಲಿಲ್ಲ. ‘ಶುಕ್ರವಾರದ ಇಂಟರ್‌ವ್ಯೂನಲ್ಲಿ ನಾಲಿಗೆ ತಡವರಿಸದಿರಲಿ’ ಎಂದರೆ ಕೇಳಿದಂತೆ.

ಭರವಸೆಯ ಸಾಲಿನಲ್ಲಿ ಮುಂದೇನಾಗುತ್ತದೆ ಎಂದು ಬರೆಯಬೇಡಿ, ಅದು ನಿಮಗೆ ಗೊತ್ತಿಲ್ಲ. ಗೊತ್ತಿರುವುದನ್ನು ಮಾತ್ರ ಬರೆಯಿರಿ: ದೇವರು ಎಂಥವನು, ನಿನ್ನೆವರೆಗೆ ಏನು ಮಾಡಿದ್ದಾನೆ. ಕೆಲವು ದಿನ ಒಂದು ಸಾಲೂ ಬರುವುದಿಲ್ಲ. ಆ ದಿನಕ್ಕೆ 88ನೇ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ಸತ್ಯವೇದದಿಂದ ಅದನ್ನು ಯಾರೂ ತೆಗೆದುಹಾಕಲಿಲ್ಲ. ಜಾಗ ಖಾಲಿ ಬಿಟ್ಟು ತಾರೀಕು ಹಾಕಿ ಎದ್ದುಬಿಡಿ.

ದೇವರಿಗೆ ಎದುರು ಮಾತಾಡಬಾರದು ಎಂದು ಮನೆಯ ಹಿರಿಯರು ಗದರಿಸಬಹುದು. ಯೋಬ 42:7 ತೆಗೆದು ತೋರಿಸಿ, ಮೆತ್ತಗೆ. ಕಷ್ಟದಲ್ಲಿ ಅಷ್ಟೆಲ್ಲ ದೂರಿದ ಯೋಬನು ದೇವರ ವಿಷಯದಲ್ಲಿ ಸರಿಯಾಗಿ ಮಾತಾಡಿದನೆಂದೂ ದೇವರ ಪರವಾಗಿ ವಾದಿಸಿದ ಸ್ನೇಹಿತರು ಮಾತಾಡಲಿಲ್ಲವೆಂದೂ ದೇವರೇ ಹೇಳುತ್ತಾನೆ. 38ರಿಂದ 41ನೇ ಅಧ್ಯಾಯದವರೆಗೆ ಬಿರುಗಾಳಿಯೊಳಗಿಂದ ಮಾತಾಡಿದ ದೇವರು ಯೋಬನಿಗೆ ಕಷ್ಟ ಏಕೆ ಬಂತೆಂದು ಕೊನೆಗೂ ತಿಳಿಸಲಿಲ್ಲ ಎಂಬುದೂ ನೆನಪಿರಲಿ.

ಜಾಗದ ಮಾತು. ಎರಡು ರೂಮಿನ ಮನೆಯಲ್ಲಿ ಅತ್ತೆ, ಮಕ್ಕಳು, ಕುಕ್ಕರ್ ನಡುವೆ ಇಪ್ಪತ್ತು ನಿಮಿಷ ಸಿಗುವುದು ಕಷ್ಟ. ಆಫೀಸಿಗೆ ಇಪ್ಪತ್ತು ನಿಮಿಷ ಮೊದಲು ತಲುಪಿ ಪಾರ್ಕಿಂಗಿನಲ್ಲೇ ಬರೆಯಬಹುದು. ಗುಡಿಯಲ್ಲೇ ಕೂರಬೇಕೆಂದರೆ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರ ಬಿಟ್ಟು ಬೇರೆ ದಿನ ಹೋಗಿ. ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾಕ್ಕೆ ಸೆಪ್ಟೆಂಬರ್ 8ರ ಹಬ್ಬದ ಹತ್ತಿರದ ದಿನಗಳಲ್ಲಿ ಹೋದರೆ ನಿಲ್ಲಲೂ ಜಾಗ ಸಿಗದು.

ಇವತ್ತಿನ ಒಂದು ಕೆಲಸ

ಬರೆದು ಮುಗಿಸಿದ ಮೇಲೆ ಪುಟದ ಕೆಳಗೆ ಒಂದೇ ಒಂದು ಕೆಲಸ ಬರೆಯಿರಿ, ರಾತ್ರಿಯೊಳಗೆ ಮುಗಿಯುವಂಥದ್ದು. ವಾರಕ್ಕೊಮ್ಮೆಯಾದರೂ ಅದು ಬೇರೆಯವರಿಗಾಗಿ ಇರಲಿ: ಪಕ್ಕದ ಮನೆಯ ಅಜ್ಜಿಯ ಔಷಧಿ ತಂದುಕೊಡುವುದೋ ಮತ್ತೊಂದೋ. ದೇಹ ಸೋತಿದ್ದರೆ ಊಟ, ನಿದ್ದೆಯೇ ಆ ದಿನದ ಕೆಲಸ. 1 ಅರಸುಗಳು 19ರಲ್ಲಿ ಸಾಯಲು ಬಯಸಿದ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ, ಎರಡು ಸಲ ಎಬ್ಬಿಸಿ ತಿನ್ನಿಸಿದನು. ‘ಇಲ್ಲೇನು ಮಾಡುತ್ತೀ’ ಎಂಬ ದೇವರ ಪ್ರಶ್ನೆ ಬಂದದ್ದು ಆಮೇಲೆ. ಇಂಥ ಸಮಯದಲ್ಲಿ ದೀರ್ಘ ಉಪವಾಸ ಪ್ರಾರ್ಥನೆಗೆ ಇಳಿಯುವುದು ಒಳ್ಳೆಯ ಯೋಚನೆಯಲ್ಲ. ಸಕ್ಕರೆ ಕಾಯಿಲೆ ಇರುವವರಂತೂ ಡಾಕ್ಟರನ್ನು ಕೇಳದೆ ಉಪವಾಸ ಮಾಡಲೇಬಾರದು.

ಜನರ ನಡುವೆ

ಎಲ್ಲರಿಗೂ ಎಲ್ಲವನ್ನೂ ಹೇಳಬೇಡಿ. ಕೇಳಿ ಸುಮ್ಮನಿರಬಲ್ಲ ಇಬ್ಬರನ್ನು ಆರಿಸಿಕೊಳ್ಳಿ. ಯೋಬನ ಸ್ನೇಹಿತರು ಮಾಡಿದ ಒಳ್ಳೆಯ ಕೆಲಸವೆಂದರೆ ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಕೂತದ್ದು. ಪ್ರಾರ್ಥನಾ ಕೂಟದಲ್ಲಿ ಇಷ್ಟು ಹೇಳಿದರೆ ಸಾಕು: ‘ಅಕ್ಕ, ಕಾರಣ ಏನೂ ಹೇಳಬೇಡಿ, ನನ್ನ ಜೊತೆ ಪ್ರಾರ್ಥನೆ ಮಾಡಿ.’

ಮನೆಯಲ್ಲಿ ಯಾರ ಪಾಪ ಇದೆ ಎಂದು ಕೆದಕುವವರು ಬರುತ್ತಾರೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಅದನ್ನೇ. ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ ಎಂದನು ಯೇಸು. ಯೋಹಾನ 9:3.

ಇದಕ್ಕಿಂತ ಹೆಚ್ಚು ಹಾನಿ ಮಾಡುವುದು ಗಡುವು ಕೊಡುವವರು. ‘ಮೂರು ತಿಂಗಳಲ್ಲಿ ಬಿಡುಗಡೆ, ದರ್ಶನದಲ್ಲಿ ನೋಡಿದೆ’ ಎನ್ನುತ್ತಾರೆ. ಯೆರೆಮೀಯ 28ನೇ ಅಧ್ಯಾಯದಲ್ಲಿ ಹನನ್ಯನೆಂಬ ಪ್ರವಾದಿಯೂ ದೇವಾಲಯದಲ್ಲಿ ನಿಂತು ಎರಡು ವರ್ಷದೊಳಗೆ ಎಲ್ಲ ಸರಿಹೋಗುತ್ತದೆ ಎಂದು ಸಾರಿದನು. ಜನರಿಗೆ ಎಪ್ಪತ್ತಕ್ಕಿಂತ ಎರಡು ಹಿತವಾಗಿ ಕೇಳಿಸಿರಬೇಕು. ಆದರೆ ಅವನನ್ನು ದೇವರು ಕಳುಹಿಸಿರಲಿಲ್ಲ. ಯಾರಾದರೂ ಹೀಗೆ ಹೇಳಿದರೆ ನೋಟ್‌ಬುಕ್ಕಿನಲ್ಲಿ ತಾರೀಕು ಸಮೇತ ಬರೆದಿಟ್ಟುಕೊಳ್ಳಿ. ಆ ಮಾತಿನ ಮೇಲೆ ಮಾತ್ರೆ ನಿಲ್ಲಿಸುವುದು, ಒಡವೆ ಮಾರುವುದು, ಕೆಲಸ ಬಿಡುವುದು ಬೇಡ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟ ವಾಕ್ಯವನ್ನೇ ಉತ್ತರವೆಂದು ಹಿಡಿಯುವುದೂ ಇದೇ ಜಾತಿಯದು. ಬೆರಳು ವಂಶಾವಳಿಯ ಮೇಲೆ ಬಿದ್ದರೆ ಮಾತ್ರ ಇನ್ನೊಮ್ಮೆ ತೆರೆಯುತ್ತೇವೆ, ಅಲ್ಲವೇ.

ಬಾಯಲ್ಲಿ ಪ್ರಾರ್ಥನೆಯೇ ಹುಟ್ಟದಿದ್ದರೆ ಭಾನುವಾರ ಹೋಗಿ ಹಿಂದಿನ ಬೆಂಚಿನಲ್ಲಿ ಕೂತುಬಿಡಿ. ಬೇರೆಯವರು ಹಾಡಲಿ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತು ತಂದರು, ಮಾಳಿಗೆ ಬಿಚ್ಚಿ ಇಳಿಸಿದರು. ಯೇಸು ‘ಅವರ’ ನಂಬಿಕೆಯನ್ನು ನೋಡಿದನು ಎಂದಿದೆ. ಮಲಗಿದ್ದವನು ಒಂದು ಮಾತೂ ಆಡಿರಲಿಲ್ಲ.

ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನು ಅಪನಂಬಿಕೆ ಎಂದು ಬೈದುಕೊಳ್ಳಬೇಡಿ. ಖಿನ್ನತೆ ಇರಬಹುದು, ಅದು ನೋಟ್‌ಬುಕ್ಕಿನ ಎಡಗಡೆಯ ಪ್ರಶ್ನೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮ್ಹಾನ್ಸ್ ಆಸ್ಪತ್ರೆ ಬೆಂಗಳೂರಲ್ಲೇ ಇದೆ. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬೇಡಿ, ಆಗಲೇ ಕರೆ ಮಾಡಿ, ಮನೆಯವರಿಗೂ ಹೇಳಿ.

ತೊಂಬತ್ತು ದಿನಕ್ಕೊಮ್ಮೆ ನೋಟ್‌ಬುಕ್ಕನ್ನು ಮೊದಲಿನಿಂದ ಓದಿ. ಎಡಗಡೆ ಮುಗಿದವುಗಳ ಮೇಲೆ ಗೆರೆ ಎಳೆಯಿರಿ. ಬಲಗಡೆ ಏನನ್ನೂ ಹೊಡೆದುಹಾಕಬೇಡಿ. ಈಗ ಕೇಳುವ ರೀತಿ ಬದಲಾಗಿದ್ದರೆ ಹಳೆಯದರ ಪಕ್ಕದಲ್ಲೇ ಬರೆಯಿರಿ. ನೂರು ಪುಟ ತುಂಬಿದಾಗ ಉಳಿದ ಪ್ರಶ್ನೆಗಳನ್ನು ಹೊಸ ನೋಟ್‌ಬುಕ್ಕಿನ ಮೊದಲ ಪುಟಕ್ಕೆ ಇಳಿಸಿ, ಮೇಲೆ ತಾರೀಕು ಹಾಕಿ, ಅದರ ಕೆಳಗೆ ಆ ದಿನದ ಕೆಲಸ ಬರೆಯಿರಿ.